ಲೈನ್ ಮನೆಯ ಹಂಚು ಸಿಎಸ್‌ಆರ್ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ಕಂಪನಿಯಲ್ಲಿ ನಾನು ಆಡಳಿತ ಮತ್ತು ಕಾರ್ಮಿಕರ ವಿಭಾಗ ನೋಡಿಕೊಳ್ಳುತ್ತೇನೆ. ಎಂಬಿಎ ಮುಗಿಸಿ ನಾಲ್ಕು ವರ್ಷ ಆಯಿತು. ಎಸ್ಟೇಟು, ಪಲ್ಪಿಂಗ್ ಯೂನಿಟ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಘಟಕ), ಒಂದು ಸಣ್ಣ ರೆಸಾರ್ಟ್, ಎಲ್ಲವೂ ಒಂದೇ ಕಂಪನಿಯ ಹೆಸರಲ್ಲಿದೆ. ಕಾಫಿಗೆ ಒಳ್ಳೆಯ ರೇಟು ಬಂದು ಕಳೆದ ವರ್ಷ ಲಾಭ ಜೋರಾಗಿ ಏರಿತು. 5 ಕೋಟಿ ದಾಟಿದ್ದರಿಂದ ಸಿಎಸ್‌ಆರ್, ಅಂದರೆ ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡುವುದು, ಕಡ್ಡಾಯ ಎಂದು ಆಡಿಟರ್ ಹೇಳಿದರು. ಮಾಲೀಕರು ಒಂದು ಪಟ್ಟಿ ಕೊಟ್ಟಿದ್ದಾರೆ: ಲೈನ್ ಮನೆಗಳ (ತೋಟದ ಕಾರ್ಮಿಕರಿರುವ ಸಾಲು ಮನೆಗಳ) ಹಂಚು ಬದಲಿಸುವುದು, ಪಲ್ಪಿಂಗ್ ನೀರಿಗೆ ಟ್ಯಾಂಕು ಕಟ್ಟುವುದು, ಕಾರ್ಮಿಕರಿಗೆ ಕಂಬಳಿ, ಊರಿನ ಶಾಲೆಗೆ ಪೇಂಟು, ಹಾಕಿ ಟೂರ್ನಮೆಂಟಿಗೆ ಕಂಪನಿ ಹೆಸರಿನ ಬ್ಯಾನರು. ಇದನ್ನೆಲ್ಲ ಸಿಎಸ್‌ಆರ್‌ನಲ್ಲಿ ತೋರಿಸಬಹುದಾ? ನನ್ನ ಮನಸ್ಸು ಯಾಕೋ ಒಪ್ಪುತ್ತಿಲ್ಲ. ಮಾಲೀಕರು ಕೆಟ್ಟವರಲ್ಲ. ಅವರಿಗೆ ಹೇಗೆ ಹೇಳಲಿ? ಬಿಸಿನೆಸ್ಸಿನಲ್ಲಿ ನೀತಿ ಅನ್ನುವುದು ಬರೀ ಪುಸ್ತಕದ ಮಾತಾ?

ಉತ್ತರ: ನಿಮ್ಮ ಪಟ್ಟಿಯ ಮೊದಲ ಮೂರು ಕೆಲಸಗಳನ್ನು ಇವತ್ತೇ ಅದರಿಂದ ತೆಗೆದುಬಿಡಿ. ಕೆಲಸ ಬಿಡಿ ಎಂದಲ್ಲ. ಆ ಮೂರನ್ನೂ ಮಾಡಲೇಬೇಕು, ಆದರೆ ಬೇರೆ ಹಣದಲ್ಲಿ. ಹಾಕಿ ಬ್ಯಾನರು ಜಾಹೀರಾತು. ಅದು ಮಾರ್ಕೆಟಿಂಗ್ ಖರ್ಚಿಗೆ ಹೋಗಲಿ. ಶಾಲೆಯ ಪೇಂಟು ಒಂದೇ ಕಾನೂನಿನ ಪ್ರಕಾರ ಲೆಕ್ಕಕ್ಕೆ ಬರುತ್ತದೆ. ಅದಕ್ಕೂ ಮುಂಚೆ ಶಾಲೆಯವರನ್ನು ಒಂದು ಮಾತು ಕೇಳಬೇಕು, ಅದನ್ನು ಮುಂದೆ ಹೇಳುತ್ತೇನೆ.

ಮನಸ್ಸು ಒಪ್ಪುತ್ತಿಲ್ಲ ಎಂದು ಬರೆದಿದ್ದೀರಲ್ಲ, ಕಾನೂನೂ ನಿಮ್ಮ ಮನಸ್ಸಿನ ಕಡೆಗೇ ಇದೆ. ಮೊದಲು ಅದನ್ನು ನೋಡೋಣ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ಕಂಪನಿಯ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೆ ಸಾಕು, ಈ ಸೆಕ್ಷನ್ನು ಅನ್ವಯಿಸುತ್ತದೆ. ಖರ್ಚು ಮಾಡಬೇಕಾದ್ದು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2. ಇಲ್ಲಿ ತುಂಬ ಜನ ತಪ್ಪು ಮಾಡುತ್ತಾರೆ. ಕಳೆದ ವರ್ಷದ ಲಾಭದ ಶೇ. 2 ಎಂದು ಲೆಕ್ಕ ಹಾಕಿ ಗಾಬರಿಯಾಗುತ್ತಾರೆ. ನಿಮ್ಮ ಕಂಪನಿಗೆ ಮೂರು ವರ್ಷಗಳಲ್ಲಿ 3 ಕೋಟಿ, 4 ಕೋಟಿ, 8 ಕೋಟಿ ಲಾಭ ಬಂದಿದೆ ಎಂದಿಟ್ಟುಕೊಳ್ಳಿ. ಸರಾಸರಿ 5 ಕೋಟಿ. ಅದರ ಶೇ. 2 ಅಂದರೆ 10 ಲಕ್ಷ. ಈ ಲಾಭ ತೆರಿಗೆ ಕಟ್ಟುವ ಮುಂಚಿನದ್ದು. ಮೊತ್ತ 50 ಲಕ್ಷ ದಾಟದಿದ್ದರೆ ಬೇರೆ ಸಿಎಸ್‌ಆರ್ ಸಮಿತಿ ಕೂಡ ಬೇಡ, ನಿರ್ದೇಶಕರ ಮಂಡಳಿಯೇ ಆ ಕೆಲಸ ನೋಡಿಕೊಳ್ಳಬಹುದು. ಅಂದರೆ ನಿಮ್ಮದು ದೊಡ್ಡ ತಲೆನೋವಿನ ವಿಷಯವೇ ಅಲ್ಲ.

ಈಗ ನಿಮ್ಮ ಪಟ್ಟಿಗೆ ಬರೋಣ. ಯಾವುದು ಸಿಎಸ್‌ಆರ್ ಅಲ್ಲ ಎಂದು ನಿಯಮದಲ್ಲೇ ಬರೆದಿದ್ದಾರೆ. 2021ರ ಜನವರಿಯ ತಿದ್ದುಪಡಿಯಲ್ಲಿ ಅದನ್ನು ಇನ್ನೂ ಬಿಡಿಸಿ ಹೇಳಿದ್ದಾರೆ. ಕಂಪನಿಯ ದಿನನಿತ್ಯದ ವ್ಯವಹಾರದ ಭಾಗವಾಗಿ ಮಾಡುವ ಕೆಲಸ ಬರುವುದಿಲ್ಲ. ಸ್ವಂತ ನೌಕರರಿಗೆ ಲಾಭವಾಗುವ ಕೆಲಸ ಬರುವುದಿಲ್ಲ. ಸರಕಿನ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವ ಬರುವುದಿಲ್ಲ. ರಾಜಕೀಯ ಪಕ್ಷಕ್ಕೆ ಕೊಟ್ಟ ಹಣ ಬರುವುದಿಲ್ಲ. ಕೊನೆಯದಾಗಿ, ಬೇರೆ ಯಾವುದೇ ಕಾನೂನಿನ ಪ್ರಕಾರ ನೀವು ಹೇಗೂ ಮಾಡಲೇಬೇಕಾದ ಕೆಲಸವೂ ಬರುವುದಿಲ್ಲ. ಹಂಚು, ಕಂಬಳಿ, ಟ್ಯಾಂಕು ಮೂರೂ ಬಿದ್ದುಹೋಗುವುದು ಇಲ್ಲೇ.

ತೋಟದ ಕಾರ್ಮಿಕರಿಗೆ ವಸತಿ, ಕುಡಿಯುವ ನೀರು, ಶೌಚಾಲಯ, ಚಿಕಿತ್ಸೆ ಕೊಡುವುದು ಮಾಲೀಕನ ಕರ್ತವ್ಯ ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತು. ಕಾಫಿ, ಟೀ, ರಬ್ಬರ್, ಏಲಕ್ಕಿ ಬೆಳೆಯುವ, 5 ಹೆಕ್ಟೇರಿಗೆ ಕಡಿಮೆಯಿಲ್ಲದ, 15 ಜನರಿಗೆ ಕಡಿಮೆಯಿಲ್ಲದೆ ಕೆಲಸ ಮಾಡುವ ತೋಟಗಳಿಗೆ ಅದು ಬಂತು. 50 ಅಥವಾ ಹೆಚ್ಚು ಹೆಂಗಸರು ಕೆಲಸಕ್ಕಿದ್ದರೆ ಮಕ್ಕಳನ್ನು ನೋಡಿಕೊಳ್ಳುವ ಜಾಗ ಬೇಕು ಎಂದಿತು. ಮಳೆ, ಚಳಿಗೆ ಕಂಬಳಿ, ಕೊಡೆ, ರೈನ್‌ಕೋಟು ಕೊಡಿಸುವ ನಿಯಮ ಮಾಡುವುದಕ್ಕೂ ಅದರಲ್ಲಿ ಜಾಗ ಇತ್ತು. ಈಗ ಆ ಕಾಯ್ದೆಯ ವಿಷಯಗಳು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿವೆ. ಹೆಸರು ಬದಲಾಗಿದೆ, ಹೊಣೆ ಬದಲಾಗಿಲ್ಲ. ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬಾಕಿ ಇರುವ ಸಾಲ ಇದು. ಸಾಲ ತೀರಿಸಿ, ದಾನ ಮಾಡಿದೆ ಎಂದು ಬರೆದುಕೊಳ್ಳೋಕೆ ಆಗುತ್ತಾ?

ಸಿಎಸ್‌ಆರ್ ವಿಷಯದಲ್ಲಿ ನಾನು ಯಾವ ಕಂಪನಿಗೆ ಹೋದರೂ ಮೊದಲು ಕೇಳುವುದು ಇದನ್ನೇ. ನೀವು ಕೊಡುತ್ತಿರುವುದು ಉಡುಗೊರೆಯೋ, ಬಾಕಿಯೋ? ಬಾಕಿ ಇಟ್ಟುಕೊಂಡು ಉಡುಗೊರೆ ಕೊಡುವವರನ್ನು ನಾನು ಜಾಸ್ತಿ ನೋಡಿದ್ದೇನೆ. ಒಂದು ಕಾಲದಲ್ಲಿ ನಾನೂ ಅವರ ಜೊತೆ ಇದ್ದೆ.

ಕೆಲಸಕ್ಕೆ ಸೇರಿದ ಹೊಸದು. ದಕ್ಷಿಣ ಕೊಡಗಿನ ಒಂದು ಎಸ್ಟೇಟಿನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದೆ. ರೊಬಸ್ಟಾ ಕಾಫಿಯ ಕೊಯ್ಲು ನಡೆಯುತ್ತಿತ್ತು. ಸಂಜೆ ನಾಲ್ಕೂವರೆಗೆ ಎಲ್ಲರೂ ಚೀಲ ಹೊತ್ತು ಎಸ್ಟೇಟ್ ರಸ್ತೆಗೆ ಬರುತ್ತಿದ್ದರು. ಮೂರು ಬಿದಿರಿನ ಗಳ ಕಟ್ಟಿ ನಡುವೆ ಸ್ಪ್ರಿಂಗ್ ತಕ್ಕಡಿ ತೂಗುಹಾಕಿದ್ದರು. ಮೇಸ್ತ್ರಿ ಚೀಲವನ್ನು ಕೊಕ್ಕೆಗೆ ಸಿಕ್ಕಿಸುತ್ತಿದ್ದ. ಲೆಕ್ಕ ಬರೆಯುವ ಗುಮಾಸ್ತ, ರೈಟರ್, ತೂಕ ಕೂಗುತ್ತಿದ್ದರು, ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ. ಒಂದೊಂದು ಚೀಲಕ್ಕೂ ಎರಡು ಕಿಲೋ ಮುರಿಯುವುದು ಅಲ್ಲಿನ ರೂಢಿ. ಚೀಲದ ತೂಕ ಎಂದು. ನಾನು ಸೇರುವುದಕ್ಕೆ ಮೊದಲೇ ಇದ್ದ ರೂಢಿ, ಹಾಗಾಗಿ ಕೇಳಲಿಲ್ಲ.

ಒಂದು ಸಂಜೆ ಯರವ ಬುಡಕಟ್ಟಿನ ಹೆಂಗಸೊಬ್ಬಳು ತನ್ನ ಹಣ್ಣು ಸುರಿದಾದ ಮೇಲೆ ಖಾಲಿ ಗೋಣಿಯನ್ನು ಮಡಚಿ ಅದೇ ಕೊಕ್ಕೆಗೆ ಸಿಕ್ಕಿಸಿದಳು. ಮುಳ್ಳು ಒಂದು ಕಿಲೋದ ಗೆರೆಯನ್ನೂ ಮುಟ್ಟಲಿಲ್ಲ. ಅವಳು ಜಗಳ ಮಾಡಲಿಲ್ಲ, ಏನೂ ಹೇಳಲಿಲ್ಲ. ಮುಳ್ಳನ್ನು ನೋಡಿದಳು, ನನ್ನನ್ನು ನೋಡಿದಳು, ಗೋಣಿ ತೆಗೆದುಕೊಂಡು ಲೈನಿನ ಕಡೆ ನಡೆದಳು. ಸುತ್ತ ನಿಂತವರೂ ಮಾತಾಡಲಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು. ಆ ಸಾಲಿನಲ್ಲಿ ಎರಡು ಕಿಲೋ ಕಳೆದು ಬರೆದದ್ದು ನಾನೇ.

ರಾತ್ರಿ ಕೂತು ಲೆಕ್ಕ ಹಾಕಿದೆ. ಚೀಲಕ್ಕೆ ಒಂದು ಕಿಲೋ ಹೆಚ್ಚಾಗಿ ಮುರಿದರೂ, ದಿನಕ್ಕೆ ಒಬ್ಬರಿಗೆ ಎರಡು ಚೀಲ, 80 ಜನ, 60 ದಿನ. 9,600 ಕಿಲೋ ಕೊಯ್ಲಿನ ಕೂಲಿ. ಕೊಯ್ದವರು ಅವರು, ಕೂಲಿ ಉಳಿದದ್ದು ನಮಗೆ. ಅದೇ ವರ್ಷ ಎಸ್ಟೇಟಿನ ಕಡೆಯಿಂದ ಊರ ದೇವಸ್ಥಾನಕ್ಕೆ ದೊಡ್ಡ ಹಿತ್ತಾಳೆ ಗಂಟೆ ಕೊಟ್ಟಿದ್ದೆವು. ಫೋಟೋ ತೆಗೆಸಿ ಆಫೀಸಿನಲ್ಲಿ ತೂಗುಹಾಕಿದ್ದೆವು. ಗಂಟೆಯ ಬೆಲೆ ಆ ಕೂಲಿಗಿಂತ ಎಷ್ಟೋ ಕಡಿಮೆ. ಮ್ಯಾನೇಜರಿಗೆ ಹೇಳಿದೆ. ಎಲೆ, ಕಡ್ಡಿ, ನೀರಿನ ತೂಕವೂ ಇರುತ್ತದಲ್ಲ ಎಂದರು. ನಾನು ಸುಮ್ಮನಾದೆ. ಮುಂದಿನ ಕೊಯ್ಲಿಗೆ ಆ ಡಿವಿಷನ್ನು ನನ್ನ ಕೈಗೆ ಬಂದಾಗಲೇ ಬದಲಿಸಿದ್ದು. ಮೊದಲು ಖಾಲಿ ಚೀಲ ತೂಗಿ, ಎಲ್ಲರ ಎದುರಿಗೆ ಬೋರ್ಡಿನಲ್ಲಿ ಬರೆದು, ಅಷ್ಟನ್ನೇ ಕಳೆಯತೊಡಗಿದೆವು. ನಡುವೆ ಹೋದ ಆ ಒಂದು ಕೊಯ್ಲಿನ ಕೂಲಿಯನ್ನು ನಾನು ಯಾರಿಗೂ ವಾಪಸ್ ಕೊಡಿಸಲಿಲ್ಲ. ಇವತ್ತಿಗೂ ಅದು ನನಗೆ ಚುಚ್ಚುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ನೀತಿ ಬರೀ ಪುಸ್ತಕದ ಮಾತಾ ಎಂದು ಕೇಳಿದಿರಿ. ನಾನು ಕಂಡ ಹಾಗೆ ಅದು ತಕ್ಕಡಿಯ ಮುಳ್ಳಿನಲ್ಲಿ ಇರುತ್ತದೆ, ಚೆಕ್‌ರೋಲಿನ ಹಾಜರಿಯಲ್ಲಿ ಇರುತ್ತದೆ, ಓವರ್‌ಟೈಮ್ ಬರೆಯುವ ಕಾಲಂನಲ್ಲಿ ಇರುತ್ತದೆ. ಮಾಲೀಕರು ಕೆಟ್ಟವರಲ್ಲ ಅನ್ನುತ್ತೀರಿ, ನಂಬುತ್ತೇನೆ. ನಮ್ಮ ಆ ಮ್ಯಾನೇಜರೂ ಕೆಟ್ಟವರಾಗಿರಲಿಲ್ಲ. ಕಾರ್ಮಿಕರ ಮಕ್ಕಳಿಗೆ ಹುಷಾರಿಲ್ಲ ಎಂದರೆ ನಡುರಾತ್ರಿ ಜೀಪ್ ಕಳಿಸುತ್ತಿದ್ದರು. ಆದರೂ ಆ ಎರಡು ಕಿಲೋ ಅವರ ಕಣ್ಣಿಗೆ ಬೀಳಲಿಲ್ಲ.

ಇದು ಸಣ್ಣ ಎಸ್ಟೇಟುಗಳ ಕತೆ ಮಾತ್ರ ಅಂದುಕೊಳ್ಳಬೇಡಿ. 108 ಆಂಬುಲೆನ್ಸ್ ನಿಮಗೆ ಗೊತ್ತು. 2005ರಲ್ಲಿ ಹೈದರಾಬಾದಿನಲ್ಲಿ ಆ ಸೇವೆಯನ್ನು ಶುರುಮಾಡಿಸಿದವರು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು. ಕರ್ನಾಟಕಕ್ಕೆ ಅದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ 2008ರ ನವೆಂಬರಿನಲ್ಲಿ ಬಂತು. ಎಷ್ಟೋ ಜೀವ ಉಳಿಸಿದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಅದೇ 2008ರಲ್ಲಿ ಸತ್ಯಂ ಕಂಪನಿಗೆ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಸಿಕ್ಕಿತು. 2009ರ ಜನವರಿ 7ರಂದು, ಕಂಪನಿಯ ಲೆಕ್ಕಪುಸ್ತಕಗಳಲ್ಲಿ ವರ್ಷಗಟ್ಟಲೆ ಸುಳ್ಳು ಬರೆದಿದ್ದೇವೆ ಎಂದು ಅವರೇ ಪತ್ರ ಬರೆದು ಒಪ್ಪಿಕೊಂಡರು. ಸಾವಿರಾರು ಕೋಟಿಯ ಸುಳ್ಳು. ಆಂಬುಲೆನ್ಸ್ ಒಳ್ಳೆಯದೇ, ಪುಸ್ತಕ ಸುಳ್ಳೇ. ಒಂದರಿಂದ ಇನ್ನೊಂದನ್ನು ಹೊಡೆದುಹಾಕೋಕೆ ಬರುವುದಿಲ್ಲ.

ನೀವು ಎಂಬಿಎಯಲ್ಲಿ, ಕಂಪನಿಯ ಹೊಣೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸುವ, ಅಮೆರಿಕದ ಕ್ಯಾರಲ್ ಅವರ ಪಿರಮಿಡ್ ಓದಿರುತ್ತೀರಿ. 1991ರದ್ದು. ಕೆಳಗೆ ಲಾಭ, ಅದರ ಮೇಲೆ ಕಾನೂನು, ಅದರ ಮೇಲೆ ನೀತಿ, ತುದಿಯಲ್ಲಿ ದಾನ. ಪರೀಕ್ಷೆಗೆ ಬರೆದು ಮರೆಯುವ ಚಿತ್ರವಲ್ಲ ಅದು. ನಿಮ್ಮ ಮಾಲೀಕರ ಪಟ್ಟಿಯನ್ನು ಅದರ ಪಕ್ಕ ಇಡಿ, ತುದಿಯ ಕಲ್ಲನ್ನು ತೆಗೆದು ಎರಡನೇ ಸಾಲಿನ ತೂತು ಮುಚ್ಚುತ್ತಿರುವುದು ಕಾಣುತ್ತದೆ. ಅಷ್ಟಕ್ಕೂ ನಮಗೆ ಇದನ್ನು ಅಮೆರಿಕದವರು ಹೇಳಿಕೊಡಬೇಕಿಲ್ಲ. ಕಾಯಕ ಶುದ್ಧವಾಗಿಲ್ಲದಿದ್ದರೆ ದಾಸೋಹಕ್ಕೆ ಬೆಲೆಯಿಲ್ಲ ಎಂದು ಶರಣರು 12ನೇ ಶತಮಾನದಲ್ಲೇ ಹೇಳಿದ್ದರು. ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ತಂದಲ್ಲೇ ಸುರಿದು ಬನ್ನಿ ಎಂದು ವಾಪಸ್ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕತೆ ನಮ್ಮ ಮಕ್ಕಳಿಗೂ ಗೊತ್ತು. ಆ ಅಕ್ಕಿ ತಂದದ್ದು ದಾಸೋಹಕ್ಕೇ ಅಲ್ವಾ?

ಇನ್ನು ಪಲ್ಪಿಂಗ್ ನೀರು. ಇದರಲ್ಲಿ ನಿಮ್ಮ ಮಾಲೀಕರು ಒಂದು ಕೆಲಸ ಮಾಡಬೇಕೆಂದು ಯೋಚಿಸಿರುವುದೇ ದೊಡ್ಡ ವಿಷಯ, ಆದ್ದರಿಂದ ಉತ್ಸಾಹ ತಗ್ಗಿಸಬೇಡಿ. ಆದರೆ ಅದು ಯಾಕೆ ದಾನವಲ್ಲ ಎಂದು ಅರ್ಥವಾಗಬೇಕಾದರೆ ತೋಡಿನ, ಅಂದರೆ ಸಣ್ಣ ಹಳ್ಳದ ಹತ್ತಿರ ಹೋಗಿ ನಿಲ್ಲಬೇಕು.

ಹಣ್ಣಿನ ಸಿಪ್ಪೆ ಸುಲಿದ ಮೇಲೆ ಬೀಜದ ಮೇಲೆ ಒಂದು ಲೋಳೆ ಉಳಿಯುತ್ತದೆ. ಅದರ ತುಂಬ ಸಕ್ಕರೆ. ತೊಳೆದ ನೀರಿನಲ್ಲಿ ಅದೆಲ್ಲ ಸೇರಿ ಹುಳಿ ಬರುತ್ತದೆ. ಆ ನೀರು ತೋಡಿಗೆ ಇಳಿದರೆ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿನ್ನುತ್ತ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಮೊದಲು ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಕಲ್ಲಿನ ಮೇಲೆ ಜಾರುವ ಪದರ ಕೂರುತ್ತದೆ. ಮೀನು ಬಾಯಿ ಮೇಲೆ ಮಾಡಿಕೊಂಡು ದಡಕ್ಕೆ ಬರುತ್ತವೆ. ವಾಸನೆ ಅಂತೂ ಅರ್ಧ ಮೈಲಿಯಿಂದಲೇ ಗೊತ್ತಾಗುತ್ತದೆ. ಇದಕ್ಕೆ ಕಾಲವೂ ಕೂಡಿಬರುವುದಿಲ್ಲ. ಪಲ್ಪಿಂಗ್ ನಡೆಯುವುದು ಕೊಯ್ಲಿನ ತಿಂಗಳುಗಳಲ್ಲಿ. ಮಳೆ ನಿಂತು ತೋಡುಗಳು ಸೊರಗಿರುವ ಹೊತ್ತು ಅದೇ. ಆಗಸ್ಟಿನಲ್ಲಾದರೆ ಕಾವೇರಿ ಕೊಚ್ಚಿಕೊಂಡು ಹೋಗುತ್ತಾಳೆ, ಫೆಬ್ರವರಿಯಲ್ಲಿ ಅವಳಿಗೇ ನೀರಿಲ್ಲ. ನಮ್ಮ ತೋಡಿನ ನೀರು ಕುಶಾಲನಗರ ದಾಟಿ, ಕನ್ನಂಬಾಡಿ ಕಟ್ಟೆ ಸೇರಿ, ಮೈಸೂರು, ಬೆಂಗಳೂರಿನ ಮನೆಗಳಿಗೆ ಕುಡಿಯುವ ನೀರಾಗಿ ಹೋಗುತ್ತದೆ.

1974ರ ಜಲ ಮಾಲಿನ್ಯ ಕಾಯ್ದೆ ಇರುವುದೇ ಇದಕ್ಕೆ. ಹೊಲಸು ಮಾಡಿದವನೇ ಅದರ ಬೆಲೆ ತೆರಬೇಕು ಎಂಬುದನ್ನು ಸುಪ್ರೀಂ ಕೋರ್ಟು 1996ರಲ್ಲಿ, ವೆಲ್ಲೂರಿನ ಚರ್ಮದ ಕಾರ್ಖಾನೆಗಳ ಮೊಕದ್ದಮೆಯಲ್ಲಿ, ಈ ನೆಲದ ಕಾನೂನಿನ ಭಾಗ ಎಂದು ಹೇಳಿತು. ಹಾಗಾಗಿ ಟ್ಯಾಂಕಿನ ಖರ್ಚು ನಿಮ್ಮ ಪಾರ್ಚ್‌ಮೆಂಟ್ ಕಾಫಿಯ (ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಕಾಫಿಯ) ಉತ್ಪಾದನಾ ವೆಚ್ಚ. ಡೀಸೆಲ್ ಹೇಗೋ ಹಾಗೆ. ಟ್ಯಾಂಕಿಗೆ ಮುಂಚೆ ನೀರನ್ನೇ ಕಡಿಮೆ ಬಳಸುವ ಯಂತ್ರ ನೋಡಿ. ತೊಳೆದ ನೀರನ್ನು ಸುಲಿಯುವುದಕ್ಕೆ ಮತ್ತೆ ಬಳಸಬಹುದು. ಸುಣ್ಣ ಹಾಕಿ ಹುಳಿ ಮುರಿದು, ನೆಲಕ್ಕೆ ಇಂಗದ ಹಾಗೆ ಹೊದಿಕೆ ಹಾಕಿದ ಹೊಂಡದಲ್ಲಿ ನಿಲ್ಲಿಸಿ, ಗಾಳಿ ಆಡಿಸಿ, ಆಮೇಲೆ ತೋಟಕ್ಕೆ ಬಿಡಬಹುದು. ಎಷ್ಟು ಹಣ್ಣನ್ನು ಕಣದಲ್ಲಿ ಹಾಗೆಯೇ ಚೆರ್ರಿಯಾಗಿ ಒಣಗಿಸಬಹುದು ಎಂದೂ ಯೋಚಿಸಿ. ಅದಕ್ಕೆ ನೀರೇ ಬೇಡ.

ರೆಸಾರ್ಟ್ ವಿಷಯ ನೀವು ಹೆಚ್ಚೇನೂ ಬರೆದಿಲ್ಲ. ನಾನೂ ಎರಡೇ ಮಾತು ಹೇಳುತ್ತೇನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದು ಏನಾಯಿತು ಎಂದು ನಾವೆಲ್ಲ ನೋಡಿದ್ದೇವೆ. ಗುಡ್ಡ ಅಗೆದು ಸಮತಟ್ಟು ಮಾಡಿದ್ದೂ ಒಂದು ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು. ಇನ್ನೊಂದು ಕಾಟೇಜು ಕಟ್ಟಲು ಜೆಸಿಬಿ ತರಿಸುವ ಮುಂಚೆ ಕೆಳಗಿನ ಇಳಿಜಾರಿನಲ್ಲಿ ಯಾರ ಮನೆ ಇದೆ ಎಂದು ನೋಡಿ. ಆ ಕಟ್ಟಡಕ್ಕೆ ಕಾಗದದಲ್ಲಿ ಪರವಾನಗಿ ಇದ್ದರೂ ನೋಡಿ.

ಲೈನ್ ಮನೆಯ ಬಗ್ಗೆ ಇನ್ನೊಂದು ವಿಷಯ ಇದೆ. ಹಂಚು ಬದಲಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಅದು ಕೆಲಸಕ್ಕೆ ಕಟ್ಟಿಹಾಕಿದ ಮನೆ. ಕೆಲಸ ಬಿಟ್ಟರೆ ಮನೆಯೂ ಇಲ್ಲ. ತಲೆಮಾರುಗಳಿಂದ ಈ ಮಣ್ಣಿನಲ್ಲೇ ಇರುವ ಯರವ, ಜೇನುಕುರುಬ ಕುಟುಂಬಗಳಿಗೆ ತಮ್ಮದೆನ್ನುವ ಒಂದು ವಿಳಾಸ ಇರುವುದಿಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ತೆರವು ಮಾಡಿದಾಗ ರಾಜ್ಯವೆಲ್ಲ ತಿರುಗಿ ನೋಡಿತು. ಅಲ್ಲಿದ್ದ ಎಷ್ಟೋ ಜನ ಲೈನ್ ಮನೆಗಳಿಂದ ಹೊರಟು ಬಂದವರು. ನಿಮ್ಮ ಲೈನಿನಲ್ಲಿ ಎಷ್ಟು ಜನರಿಗೆ ರೇಷನ್ ಕಾರ್ಡು ಇದೆ, ಜಾತಿ ಪ್ರಮಾಣಪತ್ರ ಇದೆ, ಬ್ಯಾಂಕ್ ಖಾತೆ ಇದೆ ಎಂದು ಒಂದು ಪಟ್ಟಿ ಮಾಡಿ. ಮುಂಗಡ ಸಾಲ ಕೊಟ್ಟು, ಅದು ತೀರುವ ತನಕ ಬೇರೆ ಕಡೆ ಹೋಗಬೇಡ ಎಂದು ಕೂರಿಸಿಕೊಂಡಿರುವುದು ಎಲ್ಲಾದರೂ ನಡೆದಿದೆಯೇ ಎಂದೂ ನೋಡಿ. 1976ರಿಂದ ಅದು ಜೀತ, ಅಪರಾಧ. ಊರಿನ ರೂಢಿ ಎಂದು ಅದನ್ನು ಸಹಿಸುವವರನ್ನು ನಾನು ಇನ್ನೂ ಕಾಣುತ್ತೇನೆ, ನೋವಾಗುತ್ತದೆ.

ಈಗ ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಜನ ಬರುತ್ತಾರೆ. ಅವರ ಕೂಲಿ ಗುತ್ತಿಗೆದಾರನ ಕೈಗೆ ಹೋಗುತ್ತದೋ, ಅವರ ಖಾತೆಗೋ? ಆಧಾರ್ ಕಾರ್ಡು ಅವರ ಜೇಬಿನಲ್ಲಿದೆಯೋ, ಗುತ್ತಿಗೆದಾರನ ಪೆಟ್ಟಿಗೆಯಲ್ಲೋ? ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು, ಇದೂ ಕಾನೂನು. 10 ಜನರಿಗೆ ಕಡಿಮೆಯಿಲ್ಲದ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು, 2013ರ ಕಾಯ್ದೆಯಂತೆ. ಆಫೀಸಿನ ನೋಟಿಸ್ ಬೋರ್ಡಿನಲ್ಲಿ ಹೆಸರು ಅಂಟಿಸಿದರೆ ಸಾಲದು. ಓದು ಬಾರದ ಹೆಂಗಸು ಯಾರ ಹತ್ತಿರ ಹೋಗಿ ಹೇಳಬೇಕು ಎಂದು ಅವಳಿಗೆ ಗೊತ್ತಿರಬೇಕು. ಇದು ನಿಮ್ಮದೇ ವಿಭಾಗ, ಮಾಲೀಕರ ಒಪ್ಪಿಗೆಗೆ ಕಾಯಬೇಕಿಲ್ಲ.

ಇಷ್ಟೆಲ್ಲ ಆದ ಮೇಲೆ ಆ ಶೇ. 2 ಬರುತ್ತದೆ. ಅದನ್ನು ಎಲ್ಲಿ ಹಾಕುವುದು?

ಕಾಯ್ದೆಯ ಏಳನೇ ಶೆಡ್ಯೂಲಿನಲ್ಲಿ ಪಟ್ಟಿ ಇದೆ. ಆರೋಗ್ಯ, ಕುಡಿಯುವ ನೀರು, ಶಿಕ್ಷಣ, ಅದರಲ್ಲೂ ವಿಶೇಷ ಮಕ್ಕಳ ಶಿಕ್ಷಣ, ಪರಿಸರ, ಮಾಜಿ ಸೈನಿಕರು ಮತ್ತು ಯುದ್ಧದಲ್ಲಿ ಗಂಡಂದಿರನ್ನು ಕಳೆದುಕೊಂಡವರ ನೆರವು, ಗ್ರಾಮೀಣ ಕ್ರೀಡೆಗಳ ತರಬೇತಿ, ವಿಪತ್ತು ನಿರ್ವಹಣೆ ಹೀಗೆ. ಕಂಪನಿ ಇರುವ ಸುತ್ತಮುತ್ತಲಿಗೆ ಆದ್ಯತೆ ಕೊಡಿ ಎಂದೂ ಹೇಳಿದೆ. ಕೊಡಗಿಗೆ ಬೇಕಾದ್ದೆಲ್ಲ ಅದರಲ್ಲೇ ಇದೆ. ಹಾಕಿಯನ್ನೇ ತೆಗೆದುಕೊಳ್ಳಿ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾಯಿತು. ಹಾಕಿ ನಮ್ಮ ಪ್ರೀತಿ. ಮೈದಾನದ ಸುತ್ತ ಕಂಪನಿಯ ಬ್ಯಾನರು ಕಟ್ಟಿಸುವುದು ಜಾಹೀರಾತು. ಅದೇ ಹಣದಲ್ಲಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಸ್ಟಿಕ್ಕು, ಶೂ, ವರ್ಷವಿಡೀ ಬರುವ ಒಬ್ಬ ಕೋಚ್ ಕೊಟ್ಟರೆ ಅದು ಸಿಎಸ್‌ಆರ್.

ಶಾಲೆಯ ಪೇಂಟಿಗೆ ಬರುತ್ತೇನೆ. ಹೆಡ್‌ಮಿಸ್ಟ್ರೆಸ್ ಹತ್ತಿರ ಹೋಗಿ ಕೇಳಿ: ನಿಮಗೆ ಪೇಂಟು ಬೇಕಾ? ನನಗೆ ಗೊತ್ತಿರುವ ಒಂದು ಶಾಲೆಗೆ ಕೆಲವೇ ವರ್ಷಗಳಲ್ಲಿ ಮೂರು ಕಡೆಯವರು ಬಂದು ಬಣ್ಣ ಬಳಿದು ಹೋದರು. ಗೋಡೆಯ ಮೇಲೆ ಚಿಟ್ಟೆ, ಆನೆ, ಕಂಪನಿಯ ಚಿಹ್ನೆ ಎಲ್ಲ ಇದೆ. ಶೌಚಾಲಯಕ್ಕೆ ಮಾತ್ರ ನೀರಿನ ಪೈಪು ಇರಲಿಲ್ಲ. ದೊಡ್ಡ ಹುಡುಗಿಯರು ತಿಂಗಳಲ್ಲಿ ನಾಲ್ಕು ದಿನ ಶಾಲೆಗೇ ಬರುತ್ತಿರಲಿಲ್ಲ. ಯಾರೂ ಅವರನ್ನು ಕೇಳಿರಲಿಲ್ಲ, ಅಷ್ಟೇ. ಪೈಪಿಗೆ, ಮೋಟಾರಿಗೆ, ಅದು ಕೆಟ್ಟಾಗ ರಿಪೇರಿಗೆ ಹಣ ಇಡಿ. ಫೋಟೋದಲ್ಲಿ ಪೈಪು ಚೆನ್ನಾಗಿ ಕಾಣುವುದಿಲ್ಲ, ಪರವಾಗಿಲ್ಲ.

ಮತ್ತೆ, ವರ್ಷ ವರ್ಷ ಹೊಸ ಕೆಲಸ ಹುಡುಕಬೇಡಿ. ಸುಂಟಿಕೊಪ್ಪದ ಸ್ವಸ್ಥ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಅಂಗವೈಕಲ್ಯ ಇರುವ ಮಕ್ಕಳಿಗಾಗಿ ನಡೆಯುವ ಆ ಶಾಲೆಯ ಹಿಂದೆ ಟಾಟಾ ಕಾಫಿಯ ಬೆಂಬಲದಿಂದ ಬೆಳೆದ ಕೂರ್ಗ್ ಫೌಂಡೇಷನ್ ಇದೆ. ಸಿಎಸ್‌ಆರ್ ಕಾನೂನು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅದು ಶುರುವಾಗಿತ್ತು. ಒಂದು ಕೆಲಸವನ್ನು ಹಿಡಿದು ವರ್ಷಗಟ್ಟಲೆ ಕೂತರೆ ಏನಾಗುತ್ತದೆ ಎಂದು ಅಲ್ಲಿ ಕಾಣುತ್ತದೆ. 10 ಲಕ್ಷದಲ್ಲಿ ನೀವು ಅಂಥ ಶಾಲೆ ಕಟ್ಟಲು ಆಗುವುದಿಲ್ಲ. ಆದರೆ ಇಂಥ ಕಡೆ ಒಬ್ಬ ಫಿಸಿಯೋಥೆರಪಿಸ್ಟಿನ ಸಂಬಳವನ್ನು ಮೂರು ವರ್ಷ ನಡೆಸಬಹುದು. ಹಣ ಕೊಡುವ ಸಂಸ್ಥೆ ಸಿಎಸ್‌ಆರ್-1 ಫಾರಂ ತುಂಬಿ ನೋಂದಣಿ ಆಗಿದೆಯೇ ಎಂದು ಮಾತ್ರ ಮೊದಲು ನೋಡಿಕೊಳ್ಳಿ. 2021ರ ಏಪ್ರಿಲಿನಿಂದ ಅದು ಕಡ್ಡಾಯ.

ಈಗ ಕಷ್ಟದ ಪ್ರಶ್ನೆ, ಮಾಲೀಕರಿಗೆ ಹೇಗೆ ಹೇಳುವುದು.

ಇದು ತಪ್ಪು ಸಾರ್ ಎಂದು ಶುರುಮಾಡಬೇಡಿ. ಎರಡು ಹಾಳೆ ತೆಗೆದುಕೊಂಡು ಹೋಗಿ. ಒಂದರ ಮೇಲೆ ‘ಕೊಡಬೇಕಾದ್ದು’ ಎಂದು ಬರೆಯಿರಿ. ಹಂಚು, ಟ್ಯಾಂಕು, ಕಂಬಳಿ, ಮಕ್ಕಳ ಮನೆ, ಒಂದೊಂದರ ಎದುರು ಎಸ್ಟಿಮೇಟು. ಇನ್ನೊಂದರ ಮೇಲೆ ‘ಕೊಡಲು ಇಷ್ಟಪಡುವುದು’ ಎಂದು ಬರೆದು ಆ 10 ಲಕ್ಷ ತೋರಿಸಿ. ಹಂಚಿನ ರಿಪೇರಿ, ಕಂಬಳಿಯಂಥವು ವ್ಯವಹಾರದ ಖರ್ಚು, ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದು. ಸಿಎಸ್‌ಆರ್ ಖರ್ಚನ್ನು ಹಾಗೆ ವ್ಯವಹಾರದ ಖರ್ಚೆಂದು ಕಳೆಯಲು ಬರುವುದಿಲ್ಲ. ಆಡಿಟರ್ ಕೂಡ ಇದನ್ನೇ ಹೇಳುತ್ತಾರೆ, ಅವರನ್ನೂ ಮಾತಿಗೆ ಕೂರಿಸಿ. ತಮಗೆ ನಷ್ಟವಿಲ್ಲ ಎಂದು ಗೊತ್ತಾದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಆಮೇಲೆ ದಂಡದ ವಿಷಯ. ಸಿಎಸ್‌ಆರ್ ಅಲ್ಲದ್ದನ್ನು ಸಿಎಸ್‌ಆರ್ ಎಂದು ತೋರಿಸಿದರೆ ಅಷ್ಟು ಹಣ ಖರ್ಚಾಗಿಲ್ಲ ಎಂದೇ ಅರ್ಥ. ಖರ್ಚಾಗದೆ ಉಳಿದದ್ದನ್ನು, ಅದು ಮುಂದುವರಿಯುವ ಯೋಜನೆಯದ್ದಲ್ಲದಿದ್ದರೆ, ಹಣಕಾಸು ವರ್ಷ ಮುಗಿದ ಆರು ತಿಂಗಳೊಳಗೆ ಸರ್ಕಾರ ಹೇಳಿದ ನಿಧಿಗೆ ಕಟ್ಟಬೇಕು. ಕಟ್ಟದಿದ್ದರೆ ಕಂಪನಿಗೆ ಆ ಮೊತ್ತದ ಎರಡರಷ್ಟು ಅಥವಾ 1 ಕೋಟಿ, ಯಾವುದು ಕಡಿಮೆಯೋ ಅದು. ಹೊಣೆಗಾರ ಅಧಿಕಾರಿಗೆ ಆ ಮೊತ್ತದ ಹತ್ತನೇ ಒಂದು ಪಾಲು ಅಥವಾ 2 ಲಕ್ಷ, ಯಾವುದು ಕಡಿಮೆಯೋ ಅದು.

ಇದಕ್ಕಿಂತ ದೊಡ್ಡ ಮಾತು ಕೊಳ್ಳುವವರದ್ದು. ನಮ್ಮ ಕಾಫಿಯ ದೊಡ್ಡ ಪಾಲು ಹೊರದೇಶಕ್ಕೆ, ಅದರಲ್ಲೂ ಯುರೋಪಿಗೆ ಹೋಗುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಬೇಡ ಎಂದು ಅವರು 2023ರಲ್ಲಿ ಕಾನೂನು ಮಾಡಿದ್ದಾರೆ. ಜಾರಿ ದಿನಾಂಕವನ್ನು ಮುಂದೂಡುತ್ತ ಬಂದಿದ್ದಾರೆ, ನಿಜ. ಆದರೆ ಅದರಲ್ಲಿ ಕಾಡಿನ ಮಾತು ಮಾತ್ರ ಇಲ್ಲ. ಬೆಳೆದ ದೇಶದ ಕಾರ್ಮಿಕ ಕಾನೂನಿನಂತೆ ಬೆಳೆದಿರಬೇಕು ಎಂದೂ ಇದೆ. ಸೋರುವ ಲೈನ್ ಮನೆ ಮುಂದೊಂದು ದಿನ ನಿಮ್ಮ ಕಂಟೇನರನ್ನೇ ತಡೆಯಬಹುದು. ಇದನ್ನು ಹೇಳಿ, ಆದರೆ ಕೊನೆಯಲ್ಲಿ ಹೇಳಿ. ಹೆದರಿಸಿ ಮಾಡಿಸಿದ ಕೆಲಸ ಹೆದರಿಕೆ ಹೋದ ದಿನ ನಿಂತುಹೋಗುತ್ತದೆ, ನಾನು ನೋಡಿದ್ದೇನೆ.

ಬಿಸಿನೆಸ್ಸಿನ ಕೆಲಸ ಲಾಭ ಮಾಡುವುದು, ಸಮಾಜಸೇವೆ ಅಲ್ಲ ಎಂದು ಅವರು ಹೇಳಬಹುದು. 1970ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಹೇಳಿದ್ದೂ ಅದನ್ನೇ. ಒಪ್ಪಿಕೊಂಡೇ ಮಾತು ಮುಂದುವರಿಸಿ. ಅವರು ಕೂಡ ಒಂದು ಷರತ್ತು ಇಟ್ಟಿದ್ದರು, ಆಟದ ನಿಯಮ ಮುರಿಯದೆ, ಮೋಸ ಮಾಡದೆ ಲಾಭ ಮಾಡಿ ಎಂದು. ನಿಮ್ಮ ಮೊದಲ ಹಾಳೆಯಲ್ಲಿರುವುದು ಆ ಷರತ್ತೇ.

ಎಷ್ಟು ಹೇಳಿದರೂ ಒಪ್ಪದಿದ್ದರೆ, ನಿಮ್ಮ ಅಭಿಪ್ರಾಯವನ್ನು ಒಂದು ಪುಟದಲ್ಲಿ ಬರೆದು, ತಾರೀಕು ಹಾಕಿ ಕೊಡಿ. ಸುಳ್ಳು ಲೆಕ್ಕಕ್ಕೆ ಸಹಿ ಹಾಕಬೇಡಿ. ಕೆಲಸದ ಭಯ ನನಗೂ ಅರ್ಥವಾಗುತ್ತದೆ. ಆ ವಯಸ್ಸಿನಲ್ಲಿ ನಾನು ಸಹಿ ಹಾಕಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ನಿಮ್ಮ ಅಪ್ಪನಿಗೋ ನೆಂಟರಿಗೋ ನಾಲ್ಕು ಎಕರೆ ತೋಟ ಇದ್ದರೆ ಅವರಿಗೂ ಒಂದು ಮಾತು. ಸೆಕ್ಷನ್ 135 ಅವರಿಗೆ ಬರುವುದಿಲ್ಲ, ಅದು ಕಂಪನಿಗಳಿಗೆ ಮಾತ್ರ. ತಕ್ಕಡಿ ಮಾತ್ರ ಎಲ್ಲರದ್ದೂ ಒಂದೇ.

ಹಂಚಿನ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಜೂನಿನಲ್ಲಿ ಮಳೆ ಹಿಡಿದರೆ ಮಾಡು ಹತ್ತಲೂ ಆಗುವುದಿಲ್ಲ. ಎಷ್ಟು ಮನೆ ಸೋರುತ್ತದೆ ಎಂದು ರೈಟರನ್ನು ಕೇಳಿ ಬರೆದುಕೊಳ್ಳಬೇಡಿ. ಒಂದು ಸಂಜೆ ಕೆಲಸ ಬಿಟ್ಟ ಮೇಲೆ ನೀವೇ ಲೈನಿಗೆ ಹೋಗಿ, ಮನೆಯ ಹೆಂಗಸರನ್ನು ಕೇಳಿ. ಮಳೆ ಬಂದಾಗ ಯಾವ ಮೂಲೆಗೆ ಪಾತ್ರೆ ಇಡುತ್ತಾರೆ, ಮಕ್ಕಳನ್ನು ಎಲ್ಲಿಗೆ ಸರಿಸಿ ಮಲಗಿಸುತ್ತಾರೆ ಎಂದು ಅವರು ತೋರಿಸುತ್ತಾರೆ. ಎಸ್ಟಿಮೇಟನ್ನು ಅಲ್ಲಿಂದ ಬರೆಯಲು ಶುರುಮಾಡಿ.